ಲೆಕ್ಚರರ್‌ಗಳ ಟ್ರೈನಿಂಗ್ ನಮ್ಮ ಕಾಲೇಜಲ್ಲೇ ಶುರುವಾಗ್ಲಿ

ನಮಸ್ಕಾರ ಎಲ್ರಿಗೂ, ಮಡಿಕೇರಿಯಿಂದ ಮಾತಾಡ್ತಿದ್ದೀನಿ. ಇವತ್ತು ಕಾಲೇಜು ಲೆಕ್ಚರರ್‌ಗಳ ಟ್ರೈನಿಂಗ್ ಬಗ್ಗೆ. ಎಫ್‌ಡಿಪಿ (ಫ್ಯಾಕಲ್ಟಿ ಡೆವಲಪ್‌ಮೆಂಟ್ ಪ್ರೋಗ್ರಾಂ), ಹೊಸಬರಿಗೆ ಓರಿಯೆಂಟೇಶನ್, ಆಮೇಲೆ ಸಬ್ಜೆಕ್ಟಿಗೆ ರಿಫ್ರೆಶರ್ ಕೋರ್ಸ್ ಅಂತೆಲ್ಲ ಕೇಳಿರ್ತೀರಿ. 1986ರ ಶಿಕ್ಷಣ ನೀತಿ ಬಂದ್ಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಈ ಟ್ರೈನಿಂಗ್ ಕೊಡೋಕೆ ಅಂತ ಅಕಾಡೆಮಿಕ್ ಸ್ಟಾಫ್ ಕಾಲೇಜು ಶುರು ಮಾಡ್ತು, ಆಮೇಲೆ ಅದೇ ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ) ಆಯ್ತು, 2023ರಿಂದ ಮಾಳವೀಯ ಮಿಷನ್ ಟೀಚರ್ ಟ್ರೈನಿಂಗ್ ಸೆಂಟರ್. ಹೆಸರು ಬದಲಾದ್ರೂ ಪ್ರಮೋಷನ್‌ಗೆ ಸರ್ಟಿಫಿಕೇಟ್ ಬೇಕು ಅನ್ನೋದು ಹಾಗೇ ಇದೆ. ಕೋರ್ಸ್ ಬೇಡ ಅಂತಲ್ಲ, ಬೇರೆ ಊರಿನ ಮೇಷ್ಟ್ರುಗಳ ಜೊತೆ ಕೂತು ಸಬ್ಜೆಕ್ಟ್ ಬಗ್ಗೆ ಮಾತಾಡೋದು ಒಳ್ಳೇದೇ. ಆದ್ರೆ ಮುಗಿಸಿ ಬಂದ್ಮೇಲೆ ಕ್ಲಾಸಲ್ಲಿ ಏನು ಬದಲಾಯ್ತು ಅಂತ ಯಾರು ಕೇಳ್ತಾರೆ ಹೇಳಿ?

ನಮ್ಮ ಕ್ಲಾಸ್ ನೋಡಿ. ಒಂದು ಬೆಂಚಲ್ಲಿ ಕೊಡವ ತಕ್ಕ್, ಪಕ್ಕದಲ್ಲಿ ಅರೆಭಾಷೆ, ಅದರಾಚೆ ಮಲಯಾಳ, ಹಿಂದೆ ಎಸ್ಟೇಟ್ ಲೈನ್ ಮನೆಯಿಂದ, ಅಂದ್ರೆ ತೋಟದ ಕೆಲಸದವರ ಸಾಲು ಮನೆಯಿಂದ ಬರೋ ಮಕ್ಕಳು, ಅವರಲ್ಲಿ ಎಷ್ಟೋ ಜನ ಕನ್ನಡ ಮೀಡಿಯಂನಲ್ಲಿ ಓದಿ ಬಂದು ಬಿಕಾಂನ ಇಂಗ್ಲಿಷಲ್ಲಿ ಎದುರಿಸ್ತಿರ್ತಾರೆ. ಇಲ್ಲಿ ಡಿಪ್ರಿಸಿಯೇಶನ್ ಪಾಠ ಮಾಡ್ಬೇಕು ಅಂದ್ರೆ ಬುಕ್ಕಲ್ಲಿರೋ ವ್ಯಾಖ್ಯೆ ಬರೆಸೋದಕ್ಕಿಂತ, ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಮಷೀನ್ ಬೆಲೆ ವರ್ಷ ವರ್ಷ ಹೇಗೆ ಇಳಿಯುತ್ತೆ ಅಂತ ಶುರು ಮಾಡಿ, ಮಕ್ಕಳ ಕೈಲೇ ಲೆಕ್ಕ ಮಾಡಿಸಿ, ಆಮೇಲೆ ಇಂಗ್ಲಿಷ್ ಪದಕ್ಕೆ ಬಂದ್ರೆ ತಲೆಗೆ ಹೋಗುತ್ತೆ. ಹಿಂಗೆ ಪಾಠ ಮಾಡೋರು ನಮ್ಮ ಜಿಲ್ಲೇಲೇ ಇದ್ದಾರೆ ರೀ, ಆದ್ರೆ ಪಕ್ಕದ ರೂಮಿನ ಲೆಕ್ಚರರ್‌ಗೇ ಅದು ಗೊತ್ತಿರಲ್ಲ, ಯಾಕಂದ್ರೆ ಒಬ್ಬರ ಕ್ಲಾಸಲ್ಲಿ ಇನ್ನೊಬ್ಬರು ಕೂರೋ ಅಭ್ಯಾಸನೇ ನಮ್ಮಲ್ಲಿಲ್ಲ. ಕೂತ್ರೆ ತಪ್ಪು ಹುಡುಕೋಕೆ ಬಂದಿದ್ದಾರೆ ಅನ್ನೋ ಭಯ. ಅದು ಹೋಗ್ಬೇಕು ಅಂದ್ರೆ ಪ್ರಿನ್ಸಿಪಾಲ್‌ಗೆ ರಿಪೋರ್ಟ್ ಹೋಗ್ಬಾರ್ದು, ಮಾರ್ಕ್ಸೂ ಹಾಕ್ಬಾರ್ದು, ಇಬ್ರೇ ಕಾಫಿ ಕುಡೀತಾ ಮಾತಾಡ್ಕೊಂಡ್ರೆ ಸಾಕು.

ಇನ್ನು ಅತಿಥಿ ಉಪನ್ಯಾಸಕರು. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಎಷ್ಟೋ ಕ್ಲಾಸ್ ನಡೆಸೋದೇ ಅವರು, ಅವರಿಗೆ ಪ್ರಮೋಷನ್ ಅನ್ನೋದೇ ಇಲ್ಲ, ಹಾಗಾಗಿ ಟ್ರೈನಿಂಗ್ ಅಂದಾಗ ಅವರ ನೆನಪೂ ಬರಲ್ಲ. ನಂಗೆ ತುಂಬಾ ಬೇಜಾರಾಗೋದು ಇದಕ್ಕೇ. ಆನ್‌ಲೈನಲ್ಲಿ ಮಾಡ್ಕೊಳ್ಳಿ ಅಂತಾರೆ, ಜುಲೈ ಮಳೇಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ನಂಬೋ ಹಾಗಿಲ್ಲ.

ಈಗ ಚಿಕ್ಕಅಳುವಾರದಲ್ಲಿ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇದೆಯಲ್ಲ, ನನ್ನ ಬೇಡಿಕೆ ಅವರ ಹತ್ರ. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ, ಸೋಮವಾರಪೇಟೆ ಕಡೆಯ ಒಂದೇ ಸಬ್ಜೆಕ್ಟಿನ ಲೆಕ್ಚರರ್‌ಗಳನ್ನ ಒಂದು ಶನಿವಾರ ಸೇರಿಸಿ, ಅತಿಥಿ ಉಪನ್ಯಾಸಕರಿಗೆ ಆ ದಿನದ ದುಡ್ಡು, ಬಸ್ ಚಾರ್ಜು ಕೊಟ್ಟು ಕರೀರಿ, ಮುಂದೆ ಮಕ್ಕಳ ಇಂಟರ್ನಲ್ಸ್ ಪೇಪರ್ ಇಡಿ, ಹೆಸರು ಮುಚ್ಚಿ. ಯಾವ ಪ್ರಶ್ನೇಲಿ ಎಲ್ಲಾ ಕಾಲೇಜಿನ ಮಕ್ಕಳೂ ಎಡವಿದ್ದಾರೆ ಅಂತ ನೋಡಿ, ಆ ಪಾಠನ ಹೇಗೆ ಮಾಡ್ಬೇಕು ಅನ್ನೋದನ್ನ ಅವತ್ತೇ ಕೂತು ಮಾತಾಡಿ.