ಅಕ್ಕಿಡಬ್ಬಿಯೊಳಗಿನ ಪಾವು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಅಕ್ಕಿಡಬ್ಬಿಯಲ್ಲಿ ಇಂದಿಗೂ ಒಂದು ಹಿತ್ತಾಳೆಯ ಪಾವು ಇದೆ. ಅದು ನನ್ನ ಅತ್ತೆಯವರ ಕಾಲದ್ದು. ಸೇರು, ಪಾವು, ಚಟಾಕುಗಳನ್ನು ಅಂಗಡಿಗಳು ಬಿಟ್ಟು ಎಷ್ಟೋ ದಶಕಗಳಾದ ಮೇಲೂ ನಮ್ಮ ಅಡುಗೆಮನೆಗಳು ಅವನ್ನು ಬಿಟ್ಟಿರಲಿಲ್ಲ, ಏಕೆಂದರೆ ಇಷ್ಟು ಜನರಿಗೆ ಇಷ್ಟು ಪಾವು ಎಂಬ ಲೆಕ್ಕವು ಮನಸ್ಸಿಗಿಂತ ಮೊದಲು ಕೈಗೇ ತಿಳಿದಿರುತ್ತಿತ್ತು. ಅಕ್ಕಿಗೆ ಕೈಹಾಕುವ ಮುನ್ನ ಅತ್ತೆಯವರು ತಪ್ಪದೆ ಕೇಳುತ್ತಿದ್ದ ಮಾತು ಒಂದೇ: “ಇವತ್ತು ಊಟಕ್ಕೆ ಯಾರ್ಯಾರು ಇರ್ತಾರಮ್ಮ?” ಆ ಉತ್ತರ ಸಿಗುವವರೆಗೂ ಪಾವು ಡಬ್ಬಿಯಿಂದ ಮೇಲೆ ಬರುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಹೇಳುತ್ತೇವೆ. ಆದರೆ ಹಾಸಿಗೆಯ ಉದ್ದವನ್ನು ಒಮ್ಮೆಯಾದರೂ ಅಳೆದು ನೋಡಿದವರು ಕಡಿಮೆ. ಮನೆವಾರ್ತೆಯಲ್ಲಿ ಉಳಿತಾಯವು ಶುರುವಾಗುವುದು ಅಳತೆಯಿಂದ ಎಂಬುದನ್ನು ನಾನು ಕಲಿತದ್ದು ಆ ಪಾವಿನಿಂದಲೇ ಆದುದರಿಂದ, ಇಂದಿನ ಮಾತನ್ನೂ ಅಲ್ಲಿಂದಲೇ ಆರಂಭಿಸುತ್ತಿದ್ದೇನೆ.

ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡುವುದು ನಮ್ಮೆಲ್ಲರ ಮನೆಯ ರೂಢಿ. ಉಳಿದ ಅನ್ನವನ್ನು ಬಿಸಿಯಾರಿದ ಕೂಡಲೇ ತಂಗಳು ಪೆಟ್ಟಿಗೆಯಲ್ಲಿಟ್ಟು ಹೀಗೆ ಬಳಸುವುದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ವಾರದಲ್ಲಿ ನಾಲ್ಕು ದಿನ ಬೆಳಗಿನ ತಿಂಡಿ ಚಿತ್ರಾನ್ನವೇ ಆಗುತ್ತಿದ್ದರೆ, ಅದು ಜಾಣತನಕ್ಕಿಂತ ಹೆಚ್ಚಾಗಿ ರಾತ್ರಿಯ ಅಳತೆ ತಪ್ಪುತ್ತಿರುವುದರ ಗುರುತು. ಅಂತಹ ಮನೆಯಲ್ಲಿ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿದರೆ ಅಕ್ಕಿಯ ಜೊತೆಗೆ ಅದನ್ನು ಬೇಯಿಸುವ ಅನಿಲ, ಮತ್ತೆ ಒಗ್ಗರಣೆಗೆ ಸುರಿಯುವ ಎಣ್ಣೆ, ಎಲ್ಲವೂ ಉಳಿಯುತ್ತವೆ.

ಅನಿಲದ ಮಾತು ಬಂದಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಿಂಗಳ ಖರ್ಚಿನಲ್ಲಿ ನಮ್ಮ ಕೈಯ ಹಿಡಿತಕ್ಕೆ ನೇರವಾಗಿ ಸಿಗುವ ಬಾಬ್ತು ಇದು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಆ ಅಂಕಿಗೆ 14.2 ಕೂಡಿಸಿದರೆ ಬರುವಷ್ಟು ತೂಕ ಇದೆಯೇ ಎಂದು ಮನೆ ಬಾಗಿಲಲ್ಲೇ ತೂಗಿಸಿ ನೋಡುವ ಹಕ್ಕು ನಮಗಿದೆ, ಸಂಕೋಚಪಡದೆ ಕೇಳಬೇಕು. ಹೊಸ ಸಿಲಿಂಡರ್ ಜೋಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ಅಭ್ಯಾಸವನ್ನು ನಾನು ಬಹಳ ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಒಂದು ಸಿಲಿಂಡರ್ ಎಷ್ಟು ದಿನ ಬಂತು ಎಂಬುದು ಮೂರು ನಾಲ್ಕು ಸಲ ಗೊತ್ತಾದರೆ ಸಾಕು, ಐದನೆಯ ಸಲ ವಾರ ಮೊದಲೇ ಮುಗಿದಾಗ ಕಾರಣ ಹುಡುಕಬೇಕೆಂಬ ಎಚ್ಚರ ತಾನಾಗಿ ಹುಟ್ಟುತ್ತದೆ.

ನೀರು ಒಮ್ಮೆ ಕುದಿಯಲು ಆರಂಭಿಸಿದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಆ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ. ಹೆಚ್ಚಿನ ಉರಿಯೆಲ್ಲವೂ ಆವಿಯಾಗಿ ಹೊರಗೆ ಹೋಗುತ್ತದೆ. ಆದ್ದರಿಂದ ಸಾರು ಕುದಿ ಬಂದ ಕೂಡಲೇ ಉರಿ ಇಳಿಸಿ ಮುಚ್ಚಳ ಮುಚ್ಚಿದರೆ ಬೇಯುವ ಹೊತ್ತು ಹೆಚ್ಚುವುದಿಲ್ಲ, ಅನಿಲ ಮಾತ್ರ ಉಳಿಯುತ್ತದೆ. ಪ್ರೆಷರ್ ಕುಕ್ಕರಿನ ಒಳಗೆ ಒತ್ತಡದಿಂದಾಗಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದರಿಂದಲೇ ಬೇಳೆ ಅಷ್ಟು ಬೇಗ ಬೇಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಹಾಗಾಗಿ ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವುದು ಮಂಗಳೂರಿಗಿಂತ ತುಸು ನಿಧಾನವೇ. ಕುಕ್ಕರು ಕೂಗಲು ಆರಂಭಿಸಿದ ಮೇಲೆ ಉರಿ ತಗ್ಗಿಸುವುದು, ಕಡಲೆ, ಹುರುಳಿ, ಅಲಸಂದೆಯಂತಹ ಕಾಳುಗಳನ್ನು ರಾತ್ರಿಯೇ ನೆನೆಹಾಕುವುದು, ತಂಗಳು ಪೆಟ್ಟಿಗೆಯಿಂದ ತೆಗೆದ ಹಾಲನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಆಮೇಲೆ ಕಾಯಿಸುವುದು, ಇವೆಲ್ಲ ಒಂದು ಪೈಸೆಯೂ ಬೇಡದ ಕ್ರಮಗಳು. ಒಲೆಯ ಜ್ವಾಲೆ ನೀಲಿಯಾಗಿರಬೇಕು. ಅದು ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತುಗಳಲ್ಲಿ ಕಸ ಕಟ್ಟಿದೆಯೆಂದು ತಿಳಿದು ಅಂದೇ ಶುಚಿ ಮಾಡಬೇಕು.

ಒಂದೇ ಉರಿಯಲ್ಲಿ ಎರಡು ಪದಾರ್ಥ ಮಾಡುವ ವಿದ್ಯೆಯನ್ನು ನಮ್ಮ ಹಳೆ ಮೈಸೂರು ಸೀಮೆಯ ಹೆಂಗಸರು ಎಂದೋ ಕಂಡುಕೊಂಡಿದ್ದರು. ಅದರ ಹೆಸರು ಬಸ್ಸಾರು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ, ಜೊತೆಗೆ ಒಂದು ರಾಗಿಮುದ್ದೆ. ತರಕಾರಿ ಬೆಂದ ನೀರನ್ನು ಮೋರಿಗೆ ಚೆಲ್ಲುವ ಮಾತೇ ಅಲ್ಲಿಲ್ಲ. ಮಲೆನಾಡಿನ ತಂಬುಳಿಯನ್ನು ನೋಡಿ: ಹಿತ್ತಲಿನ ದೊಡ್ಡಪತ್ರೆಯ ಹತ್ತು ಎಲೆ, ಒಂದು ಚಮಚ ಜೀರಿಗೆ, ಚೂರು ತೆಂಗಿನತುರಿ, ಒಂದು ಲೋಟ ಮಜ್ಜಿಗೆ ಸೇರಿದರೆ ಅನ್ನಕ್ಕೆ ಕಲಸಿಕೊಳ್ಳಲು ಸಾಕಾಗುವಷ್ಟು ಆಗುತ್ತದೆ, ಒಲೆಗಂತೂ ಹೆಚ್ಚು ಕೆಲಸವೇ ಇಲ್ಲ. ಕರಾವಳಿಯವರು ಬಚ್ಚಂಗಾಯಿ ಎಂದು ಕರೆಯುವ ಕಲ್ಲಂಗಡಿಯ ಕೆಂಪು ತಿರುಳನ್ನು ತಿಂದಮೇಲೆ ಉಳಿಯುವ ಬಿಳಿ ಭಾಗವನ್ನು ಅಕ್ಕಿಯೊಡನೆ ರುಬ್ಬಿ ದೋಸೆ ಎರೆಯುತ್ತಾರೆ. ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಹಲಸಿನ ಬೀಜ ಸಾರಿಗೆ, ಬಾಳೆಯ ದಿಂಡು ಪಲ್ಯಕ್ಕೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ ಪೇರಿಸಿಟ್ಟುಕೊಂಡರೆ ದಿನವೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಬೇಕಾಗಿಲ್ಲ. ಈ ಅಡುಗೆಗಳನ್ನು ಬಡತನದ ಊಟವೆಂದು ಕರೆಯುವುದನ್ನು ಕೇಳಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಇಷ್ಟು ರುಚಿಯನ್ನು ಇಷ್ಟು ಕಡಿಮೆ ವಸ್ತುವಿನಿಂದ ತೆಗೆಯಬೇಕಾದರೆ ತಲೆಮಾರುಗಳ ತಿಳಿವಳಿಕೆ ಬೇಕು, ಮತ್ತು ಆ ತಿಳಿವಳಿಕೆ ನಮ್ಮ ಕಣ್ಣೆದುರೇ ಮರೆಯಾಗುತ್ತಿದೆ.

ಇನ್ನು ಕೊಳ್ಳುವ ವಿಚಾರ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳು ವರ್ಷದ ಸಾಮಾನಿಗೆ ಹೇಳಿ ಮಾಡಿಸಿದ ಕಾಲ. ಹೊಸ ಹುಣಸೆಹಣ್ಣು ಬರುವುದು ಆಗಲೇ, ಬ್ಯಾಡಗಿಯ ಮಾರುಕಟ್ಟೆ ಮೆಣಸಿನಕಾಯಿಯಿಂದ ಕೆಂಪಾಗುವುದೂ ಆಗಲೇ, ಹಪ್ಪಳ ಸಂಡಿಗೆಗೆ ಬೇಕಾದ ಬಿಸಿಲು ಕಾಯುವುದೂ ಆಗಲೇ. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಟ್ಟರೆ ಮುಂದಿನ ಸುಗ್ಗಿಯವರೆಗೆ ಚಿಂತೆಯಿಲ್ಲ. ಆದರೆ ಒಟ್ಟಿಗೆ ಕೊಳ್ಳುವುದೆಲ್ಲ ಲಾಭವೇ ಎಂಬ ಭ್ರಮೆ ಬೇಡ. ಕೆಲವು ವರ್ಷಗಳ ಹಿಂದೆ ಬೆಲೆ ಇಳಿದಿದೆಯೆಂದು ನಾನು ಹೆಸರುಕಾಳನ್ನೂ ರವೆಯನ್ನೂ ಮೂಟೆಗಟ್ಟಲೆ ತಂದೆ. ಆ ಸಲ ಮಳೆಗಾಲ ಬೇಗ ಬಂದು, ಬಿಸಿಲಿಗೆ ಹಾಕಲು ಆಗದೆ, ಅರ್ಧಕ್ಕೂ ಹೆಚ್ಚು ನುಸಿ ಹಿಡಿದು ಹೋಯಿತು. ಅಂದಿನಿಂದ ರವೆ, ಹಿಟ್ಟುಗಳನ್ನು ತಿಂಗಳಿಗಾಗುವಷ್ಟು ಮಾತ್ರ ತರುತ್ತೇನೆ, ಇಡಿಯ ಕಾಳುಗಳಿಗೆ ತುಸು ಹರಳೆಣ್ಣೆ ಸವರಿ ಒಣಗಿದ ಡಬ್ಬಿಯಲ್ಲಿಡುತ್ತೇನೆ. ಅಂಗಡಿಯಲ್ಲಿ ದೊಡ್ಡ ಪೊಟ್ಟಣ ಅಗ್ಗವೆಂದು ಕಣ್ಣಿಗೆ ಕಂಡರೂ ಲೆಕ್ಕ ಹಾಕಿದಾಗ ಹಾಗಿರಲಿಕ್ಕಿಲ್ಲ. ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆಗೆ ಗ್ರಾಮಿಗೆ ಅಥವಾ ಕಿಲೋಗ್ರಾಮಿಗೆ ಎಷ್ಟು ಎಂಬುದನ್ನೂ ಮುದ್ರಿಸಬೇಕೆಂಬ ನಿಯಮ ಈಗ ಜಾರಿಯಲ್ಲಿದೆ. ಆ ಸಣ್ಣಕ್ಷರದ ಅಂಕಿಯನ್ನು ಓದಿ ಎರಡು ಪೊಟ್ಟಣಗಳನ್ನು ಹೋಲಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ, ಒಂದು ಲೆಕ್ಕ ಸಾಕು. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್. ದಿನಕ್ಕೆ 10 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದಲೇ ತಿಂಗಳಿಗೆ ಹದಿಮೂರೂವರೆ ಯೂನಿಟ್ ವ್ಯತ್ಯಾಸ ಬರುತ್ತದೆ. 2023ರಲ್ಲಿ ಆರಂಭವಾದ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ನಾವೇ ಕಟ್ಟಬೇಕಾಗುವುದರಿಂದ, ಆ ಗಡಿಯ ಆಸುಪಾಸಿನಲ್ಲಿರುವ ಮನೆಗಳಿಗೆ ಎರಡು ಫ್ಯಾನುಗಳ ಈ ವ್ಯತ್ಯಾಸ ಸಣ್ಣದಲ್ಲ. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಮುಗಿಯಿತು. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಕಾದ ನೀರು ತಣಿದು ಮತ್ತೆ ಕಾಯುವುದು ತಪ್ಪುತ್ತದೆ.

ನೀರಿನ ಬೆಲೆಯನ್ನು 2024ರ ಬೇಸಿಗೆ ಬೆಂಗಳೂರಿಗೆ ಕಲಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿತು, ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಏರೇಟರ್ ಎಂಬ ಪುಟ್ಟ ಜಾಲರಿಯ ಮಾತು ಎಲ್ಲೆಡೆ ಕೇಳಿಬಂತು. ಮಳೆ ಬಂದ ಮೇಲೆ ಆ ಎಚ್ಚರ ಕರಗಬಾರದೆಂಬುದೇ ನನ್ನ ಬೇಡಿಕೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಕೊಡವನ್ನಿಟ್ಟು ಬೆಳಗ್ಗೆ ಎಷ್ಟು ತುಂಬಿದೆಯೆಂದು ನೋಡಿ. ವಾಷರ್ ಬದಲಿಸಲು ಆಮೇಲೆ ಯಾರ ಉಪದೇಶವೂ ಬೇಕಾಗುವುದಿಲ್ಲ. ಕುಡಿಯುವ ನೀರಿನ ಆರ್‌ಓ ಯಂತ್ರವಿರುವ ಮನೆಗಳಲ್ಲಿ ಅನೇಕ ಸಲ ಶುದ್ಧವಾಗಿ ಬರುವುದಕ್ಕಿಂತ ಹೊರಗೆ ಹರಿದುಹೋಗುವ ನೀರೇ ಹೆಚ್ಚು. ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ, ಶೌಚಾಲಯಕ್ಕೆ ಬಳಸಬಹುದು. ಲವಣದ ಅಂಶ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ದಿನವೂ ಹಾಕುವುದು ಬೇಡ. ಗಿಡಗಳಿಗೆ ಅಕ್ಕಿ ತೊಳೆದ ನೀರು ಇದ್ದೇ ಇದೆ. ಹಿಂದೆ ಅಕ್ಕಚ್ಚು, ಕಲಗಚ್ಚುಗಳು ಹಟ್ಟಿಯ ಹಸುವಿಗೆ ಸಲ್ಲುತ್ತಿದ್ದವು. ಹಸುವಿಲ್ಲದ ಪಟ್ಟಣದ ಮನೆಯಲ್ಲಿ ಕರಿಬೇವಿನ ಗಿಡಕ್ಕಾದರೂ ಅಕ್ಕಚ್ಚು ಸಲ್ಲಲಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ಕೈಗಳು ಉತ್ತರ ಕರ್ನಾಟಕದಲ್ಲಿ ಇನ್ನೂ ಇವೆ, ಅವರಿಗೆ ನಿಮ್ಮ ಹಳೆಯ ಬಟ್ಟೆಯನ್ನೂ ಹೊಲಿಗೆಯ ನ್ಯಾಯವಾದ ಕೂಲಿಯನ್ನೂ ಕೊಟ್ಟು ಹೊಲಿಸಿಕೊಂಡರೆ ಅದು ಬಹಳ ವರ್ಷ ಬಾಳುತ್ತದೆ.

ಕೊನೆಯದಾಗಿ, ಎಲ್ಲಿ ಉಳಿಸಬಾರದು ಎಂಬುದನ್ನೂ ಹೇಳಲೇಬೇಕು. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವುದು ಉಳಿತಾಯವಾಗಲಾರದು. ಎಣ್ಣೆ ಕಪ್ಪಾಗುತ್ತ ಹೋದಂತೆ ಅದರಲ್ಲಿ ದೇಹಕ್ಕೆ ಕೆಡುಕಾಗುವ ವಸ್ತುಗಳು ಹೆಚ್ಚುತ್ತವೆ. ಬಾಣಲೆಗೆ ಕಡಿಮೆ ಎಣ್ಣೆ ಹಾಕಿ ಸ್ವಲ್ಪ ಸ್ವಲ್ಪವಾಗಿ ಕರಿಯುವುದೇ ದಾರಿ. ವೈದ್ಯರು ಬರೆದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಚೀಟಿಯನ್ನು ಎರಡು ತಿಂಗಳು ಎಳೆಯುವ ಹಿರಿಯರನ್ನು ನಾನು ಕಂಡಿದ್ದೇನೆ. ಹಾಗೆ ಮಾಡುವ ಬದಲು, ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವುದೇ ಎಂದು ವೈದ್ಯರನ್ನು ಕೇಳಿ ಕೊಳ್ಳುವುದು ಲೇಸು.

ಇನ್ನೊಂದು ಉಳಿತಾಯವು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮಾತ್ರ ಉಂಡು, ಹಾಲು ಸಾಲದಿದ್ದರೆ ತಾನು ಕರಿ ಕಾಫಿ ಕುಡಿದು ಮನೆಯ ಲೆಕ್ಕವನ್ನು ಸರಿದೂಗಿಸುವ ಹೆಂಗಸರು ನಮ್ಮಲ್ಲಿ ಅನೇಕರಿದ್ದಾರೆ. ನನ್ನ ಅತ್ತೆಯವರೂ ಎಷ್ಟೋ ವರ್ಷ ಹಾಗೆಯೇ ಬದುಕಿದವರು. ರಕ್ತಹೀನತೆಯಿಂದ ಹಾಸಿಗೆ ಹಿಡಿದು, ಆರು ತಿಂಗಳು ಔಷಧೋಪಚಾರವಾಗಿ ಎದ್ದ ಮೇಲೆ, ಅವರೇ ಒಂದು ಬೆಳಗ್ಗೆ ಅಕ್ಕಿಡಬ್ಬಿಯ ಮುಂದೆ ಕುಳಿತು, “ಐದು ಜನ” ಎಂದು ಗಟ್ಟಿಯಾಗಿ ಎಣಿಸಿ ಪಾವು ತುಂಬಿದರು. ಅದಕ್ಕೂ ಮೊದಲು ಅವರ ಎಣಿಕೆ ಯಾವಾಗಲೂ ನಾಲ್ಕಕ್ಕೆ ನಿಲ್ಲುತ್ತಿತ್ತೆಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುತ್ತೇವೆ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು, ಬೇಕಾದಷ್ಟನ್ನು ಅವರವರೇ ಬಡಿಸಿಕೊಳ್ಳುತ್ತಾರೆ.

ನಮಸ್ಕಾರ.