ಗೋಣಿತಟ್ಟಿಗೆ ಚಿತ್ತಾರ ಕೂರಿಸಲು ಹೋಗಿ

ಬೆಳಗಿನಿಂದ ನಮ್ಮ ಸಾಗರ ಊರಿನಲ್ಲಿ ಮಳೆ ಬಿಟ್ಟಿಲ್ಲವಾದ್ದರಿಂದ ಇಂದು ಜಗಲಿಯಲ್ಲಿಯೇ ಕ್ಯಾಮೆರಾ ಇಟ್ಟಿದ್ದೇನೆ. ಹಂಚಿನ ಮೇಲಿನ ಸದ್ದನ್ನು ನೀವು ಸಹಿಸಿಕೊಳ್ಳಬೇಕು. ಚೌಕಟ್ಟಿಗೆ ಗೋಣಿತಟ್ಟು ಬಿಗಿಯುವುದೂ ಪಟ್ಟಿ ಕತ್ತರಿಸುವುದೂ ನಿಮಗೆ ಕಾಣುತ್ತಿರುವುದರಿಂದ ವಿವರಿಸುವುದಿಲ್ಲ. ರಗ್ ಹುಕಿಂಗ್ ಎಂದರೆ ಗೋಣಿಯ ಕಣ್ಣುಗಳಿಂದ ಬಟ್ಟೆಯ ಪಟ್ಟಿಗಳನ್ನು ಮೇಲೆಳೆದು ನೆಲಹಾಸು ಮಾಡುವ ಕಸುಬು. ಅದರಲ್ಲಿ ಕೊಕ್ಕೆಯಿಂದ ಮೇಲೆಳೆದ ಈ ಕುಣಿಕೆಗಳಿಗೆ ಗಂಟೂ ಇಲ್ಲ, ಅಂಟೂ ಇಲ್ಲ; ಒಂದನ್ನೊಂದು ಒತ್ತಿಕೊಂಡಿರುವುದರಿಂದಲೇ ಅವು ನಿಲ್ಲುತ್ತವೆ.

ಈ ತೂತಿನ ವಿಷಯವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಅಟ್ಟದ ಮೇಲೆ ಅಡಿಕೆ ತುಂಬುತ್ತಿದ್ದ ಹಳೆಯ ಗೋಣಿಚೀಲ ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದ್ದೆ. ಮೂರು ವಾರ ಕೆಲಸ ಮಾಡಿದ ಮೇಲೆ, ಮೊನ್ನೆ ರಾತ್ರಿ ಒಂದು ಕುಣಿಕೆಯನ್ನು ಎಳೆದಾಗ ನೇಯ್ಗೆಯೇ ಕಿತ್ತು ಬಂದು ಅಂಗೈಯಗಲದ ತೂತಾಯಿತು. ಸೆಣಬು ವರ್ಷಗಟ್ಟಲೆ ಥಂಡಿ ಹಿಡಿದು ಒಳಗೊಳಗೇ ಕೊಳೆತಿದ್ದರೆ ಒಣಗಿದಾಗ ಹಪ್ಪಳದಂತೆ ಮುರಿಯುತ್ತದೆಂಬುದು ಮಲೆನಾಡಿನಲ್ಲಿ ಹುಟ್ಟಿದವಳಿಗೆ ಗೊತ್ತಿರಬೇಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿಯೂ ಕೆನಡಾದ ಅಟ್ಲಾಂಟಿಕ್ ಕರಾವಳಿಯಲ್ಲಿಯೂ ಈ ಕಸುಬು ಬೆಳೆದದ್ದು ಇಂಥ ಖಾಲಿ ಚೀಲಗಳ ಮೇಲೆಯೇ, ಆ ಸೆಣಬು ನಮ್ಮ ಬಂಗಾಳದ್ದೇ. ಆದರೆ ಇಂದು ಅಲ್ಲಿನ ಅನೇಕರು ಲಿನನ್ ಬಟ್ಟೆಯನ್ನೋ ದಪ್ಪ ಹತ್ತಿಬಟ್ಟೆಯನ್ನೋ ಬಳಸುತ್ತಾರೆ. ಪುಕ್ಕಟೆ ಗೋಣಿಯ ಋಣ ತೀರಿಸಲು ನಾನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಮೀಟರಿಗೆ 280 ರೂಪಾಯಿಯ ಹತ್ತಿಬಟ್ಟೆ ತಂದೆ, ಬಸ್ಸಿನ ಖರ್ಚು ಬೇರೆ.

ವಿನ್ಯಾಸದ ಕಥೆಯೂ ಹೀಗೆಯೇ. ಕೆಳದಿಯ ರಾಮೇಶ್ವರ ದೇವಾಲಯದ ಗಂಡಭೇರುಂಡಕ್ಕಿಂತ ಒಳ್ಳೆಯ ಚಿತ್ರವಿಲ್ಲವೆಂದು ಕಳೆದ ವಿಡಿಯೊದಲ್ಲಿ ಘೋಷಿಸಿದ್ದೆ. ಕಾಲು ಇಂಚಿನ ಪಟ್ಟಿಯಲ್ಲಿ ಕೊಕ್ಕಿನ ಬಾಗು ಮೂಡಲೇ ಇಲ್ಲ. ಜಗಳವಾಡುವ ಎರಡು ಕೋಳಿಗಳು ಮೂಡಿದವು. ಗಂಟಿಲ್ಲದ ಕಾರಣ ಎಂಟು ದಿನದ ಕೆಲಸ ಹತ್ತು ನಿಮಿಷದಲ್ಲಿ ಬಿಚ್ಚಿಹೋಯಿತು. ಮೇನ್‌ನ ತಗಡಿನ ವ್ಯಾಪಾರಿ ಎಡ್ವರ್ಡ್ ಸ್ಯಾಂಡ್ಸ್ ಫ್ರಾಸ್ಟ್ 1860ರ ದಶಕದಲ್ಲಿ ಲೋಹದ ತಗಡು ಕತ್ತರಿಸಿ ಅಚ್ಚು ಮಾಡಿ, ಗೋಣಿಯ ಮೇಲೆ ಚಿತ್ರ ಒತ್ತಿ ಮಾರತೊಡಗಿದನೆಂದು ಓದಿದಾಗ ಅದು ಸೋಮಾರಿಗಳ ದಾರಿಯೆಂದು ನಕ್ಕಿದ್ದೆ. ಕೋಳಿಗಳನ್ನು ಬಿಚ್ಚುವಾಗ ಆ ನಗು ಉಳಿಯಲಿಲ್ಲ.

ಈಗ ಮಾಡುತ್ತಿರುವುದು ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಒಂದು ಮೂಲೆ ಮಾತ್ರ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಕೂದಲೆಳೆಯಂಥ ಗೆರೆ ಕೊಕ್ಕೆಗೆ ದಕ್ಕುವುದಿಲ್ಲ. ಆದರೆ ಅಡ್ಡಗೆರೆ, ಉದ್ದಗೆರೆ, ತ್ರಿಕೋನಗಳಲ್ಲಿ ನಿಂತಿರುವ ಚಿತ್ತಾರವು ಗೋಣಿಯ ಹಾಸುಹೊಕ್ಕಿಗೆ ಕೋಳಿಗಳಿಗಿಂತ ಎಷ್ಟೋ ಚೆನ್ನಾಗಿ ಒಗ್ಗುತ್ತದೆ. ಒಂದು ಗೆರೆಗೆ ನಾಲ್ಕು ಕಣ್ಣು ಎಣಿಸಿ, ಗೋಡೆಯ ಅಂಗೈಯಗಲದ ಜಾಗವನ್ನು ಎರಡಡಿಗೆ ಹಿಗ್ಗಿಸಿದ್ದೇನೆ. ಕಪ್ಪು ಬಣ್ಣವು ಅಜ್ಜ ಮಳೆಗಾಲದಲ್ಲಿ ಕೊಪ್ಪೆ ಹಾಕುತ್ತಿದ್ದ ಕಂಬಳಿಯದು. ಅದರ ಹುಣಸೆಬೀಜದ ಗಂಜಿ ಹೋಗುವವರೆಗೆ ಬಿಸಿನೀರಿನಲ್ಲಿ ಉಜ್ಜದಿದ್ದರೆ ಪಟ್ಟಿ ಕೈಯಲ್ಲಿಯೇ ಎಳೆಎಳೆಯಾಗುತ್ತದೆ. ಕೆಂಪು, ಅಡಿಕೆ ಬೇಯಿಸಿದ ಚೊಗರಿನದು.

ಹಸೆಯನ್ನು ಕಾಲಡಿ ಹಾಕುತ್ತೀಯಾ ಎಂದು ಅತ್ತೆ ನಿನ್ನೆ ಕೇಳಿದರು. ಮದುವೆಮನೆಯ ಗೋಡೆಯಲ್ಲಿರಬೇಕಾದದ್ದು ಬಾಗಿಲ ಬಳಿ ಕೆಸರು ತಿನ್ನುವುದು ನನಗೂ ಸರಿ ಕಾಣಲಿಲ್ಲ. ಆದ್ದರಿಂದ ಇದು ಜಗಲಿಯ ಗೋಡೆಗೆ ಹೋಗುತ್ತದೆ, ಬಾಗಿಲಿಗೆ ಬರಿಯ ಪಟ್ಟೆಗಳ ಇನ್ನೊಂದನ್ನು ಮಾಡುತ್ತೇನೆ. ತೂತಿನ ಹಿಂದೆ ಹತ್ತಿಬಟ್ಟೆಯ ತೇಪೆ ಹೊಲಿದಾಗಿದೆ. ಈಗ ಎರಡು ಪದರ ದಾಟಿ ಕೊಕ್ಕೆ ಇಳಿಸುತ್ತಿರುವುದರಿಂದ ಬೆರಳು ನೋಯುತ್ತಿದೆ, ಬ್ಯಾಟರಿಯೂ ಮುಗಿಯುತ್ತಿದೆ.