ಹರಳೆಣ್ಣೆ ಮದ್ದು, ಹರಳುಬೀಜ ವಿಷ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೇ ಮೈಸೂರಿನ ಕಡೆಯವರು ಹರಳು ಎಂದೂ, ಉತ್ತರ ಕರ್ನಾಟಕದವರು ಔಡಲ ಎಂದೂ, ಆಯುರ್ವೇದ ಓದಿದ ನಮ್ಮಂಥವರು ಏರಂಡ ಎಂದೂ ಕರೆಯುವ ಗಿಡದ ಬಗ್ಗೆ ಮಾತನಾಡಬೇಕೆಂದು ಬಾನುಲಿ ಕೇಂದ್ರದವರು ನನ್ನನ್ನು ಕರೆಸಿದ್ದಾರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ತಿಪ್ಪೆಯ ಪಕ್ಕದಲ್ಲಿ, ರೈಲು ಹಳಿಯ ಅಂಚಿನಲ್ಲಿ ಯಾರೂ ನೀರೆರೆಯದಿದ್ದರೂ ಬೆಳೆದು ನಿಲ್ಲುವ, ಬಿಡಿಸಿದ ಅಂಗೈಯಂಥ ಎಲೆಗಳ ಈ ಗಿಡವನ್ನು ನೀವೆಲ್ಲರೂ ನೋಡಿಯೇ ಇರುತ್ತೀರಿ. ಮುಳ್ಳುಮುಳ್ಳಾದ ಕಾಯಿ ಒಣಗಿ ಒಡೆದರೆ ಒಳಗೆ ಮೂರು ಬೀಜಗಳಿರುತ್ತವೆ. ನುಣುಪಾದ, ಕಂದು ಮತ್ತು ಬಿಳಿಯ ಗೆರೆಗಳುಳ್ಳ ಆ ಬೀಜಗಳು ಮಕ್ಕಳ ಕೈಗೆ ಸಿಕ್ಕರೆ ಕೆಳಗಿಡಲು ಮನಸ್ಸು ಬಾರದಷ್ಟು ಚೆಂದ. ಆದ್ದರಿಂದಲೇ ಮುಖ್ಯವಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಹರಳೆಣ್ಣೆ ಮದ್ದು, ಹರಳುಬೀಜ ವಿಷ.

ಬೀಜದೊಳಗೆ ರಿಸಿನ್ ಎಂಬ ಪ್ರೋಟೀನ್ ಇದೆ. ಇದು ಜೀವಕೋಶದ ಒಳಹೊಕ್ಕು, ಆ ಕೋಶವು ತನಗೆ ಬೇಕಾದ ಪ್ರೋಟೀನ್‌ಗಳನ್ನು ತಯಾರಿಸಿಕೊಳ್ಳದಂತೆ ತಡೆಯುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಹಾಗಾದರೆ ಎಣ್ಣೆ ಏಕೆ ವಿಷವಲ್ಲ ಎಂದು ನೀವು ಕೇಳಬಹುದು. ರಿಸಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸಾಕಷ್ಟು ಕಾಯಿಸಿದರೆ ತನ್ನ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಇಷ್ಟನ್ನು ತಿಳಿಯಲು ವಿಜ್ಞಾನಕ್ಕೆ ಪ್ರಯೋಗಶಾಲೆಗಳು ಬೇಕಾದವು, ನಮ್ಮ ಹಳ್ಳಿಯ ಹೆಂಗಸರಿಗೆ ಒಂದು ಒಲೆ ಸಾಕಾಗಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಣ್ಣೆ ತೆಗೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ್ದೇನೆ. ಆ ಮನೆಯ ಅಜ್ಜಿ ಬಿಸಿಲಿಗೆ ಒಣಗಿಸಿ ಸಿಪ್ಪೆ ಬಿಡಿಸಿದ್ದ ಬೀಜಗಳನ್ನು ಮಣ್ಣಿನ ಓಡಿನಲ್ಲಿ ಹದವಾಗಿ ಹುರಿದರು. ಹುರಿದದ್ದನ್ನು ಒರಳಿಗೆ ಹಾಕಿ, ಕೈಗೆ ಜಿಡ್ಡು ಹತ್ತುವವರೆಗೂ ಕುಟ್ಟಿದರು. ಆ ಮುದ್ದೆಯನ್ನು ದೊಡ್ಡ ಪಾತ್ರೆಯ ನೀರಿಗೆ ಹಾಕಿ, ಅಂಗಳದ ಮೂರು ಕಲ್ಲಿನ ಒಲೆಯ ಮೇಲೆ ಬಹಳ ಹೊತ್ತು ಕುದಿಸಿದರು. ಎಣ್ಣೆ ನಿಧಾನವಾಗಿ ಮೇಲೆ ತೇಲಿಬಂದಂತೆ ಅದನ್ನು ಸೌಟಿನಿಂದ ನೀರು ಕಲಕದ ಹಾಗೆ ತೋಡಿ, ಬೇರೊಂದು ಪಾತ್ರೆಗೆ ತುಂಬಿಕೊಂಡರು. ಕೆಲಸ ಮುಗಿಯಿತೆಂದು ನಾನು ಏಳಲು ಹೋದೆ, ಅವರು ಬಿಡಲಿಲ್ಲ. ತೋಡಿದ ಎಣ್ಣೆಯನ್ನು ಮತ್ತೆ ಒಲೆಗಿಟ್ಟು, ಪಾತ್ರೆಯ ಕಡೆಗೆ ಕಿವಿಗೊಟ್ಟು ಕುಳಿತರು. ಎಣ್ಣೆಯಲ್ಲಿ ಉಳಿದ ನೀರು ಚಟಪಟ ಎನ್ನುತ್ತಿರುತ್ತದೆ; ಆ ಸದ್ದು ಪೂರಾ ನಿಂತ ಮೇಲೆಯೇ ಅವರು ಪಾತ್ರೆಯನ್ನು ಇಳಿಸಿದ್ದು. ತಳದಲ್ಲಿ ಉಳಿದ ಹಿಂಡಿಯನ್ನು ತೆಂಗಿನ ಬುಡಕ್ಕೆ ಹೂಳಲು ಮೊಮ್ಮಗನ ಕೈಯಲ್ಲಿ ಕೊಟ್ಟು ಕಳುಹಿಸಿದಾಗ ನಾನು, ಶೇಂಗಾ ಹಿಂಡಿಯ ಹಾಗೆ ಇದನ್ನೂ ಎಮ್ಮೆಗೆ ಹಾಕಬಾರದೇ ಎಂದು ಕೇಳಿದೆ. ಅಜ್ಜಿ ತಲೆಯೆತ್ತದೆ, "ಎಮ್ಮೆ ನಿಮ್ದಾದ್ರೆ ಹಾಕಿ ಸ್ವಾಮಿ" ಎಂದರು. ಎಣ್ಣೆ ಮನೆಯೊಳಕ್ಕೆ, ಹಿಂಡಿ ಮಣ್ಣಿನೊಳಕ್ಕೆ ಎಂಬ ಈ ವಿವೇಕವನ್ನು ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಚುಟುಕಾಗಿ ಹೇಳಿರಲಿಲ್ಲ.

ಈ ಪ್ರಸಂಗವನ್ನು ಹೇಳುತ್ತಾ ಸಮಯ ಸ್ವಲ್ಪ ಹೆಚ್ಚೇ ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಹರಳೆಣ್ಣೆಯ ಮುಖ್ಯ ಉಪಯೋಗ ಭೇದಿಗೆ, ಅಂದರೆ ಹೊಟ್ಟೆ ತೊಳೆಯುವುದಕ್ಕೆ. ಕುಡಿದ ಎಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಹೊರಬರುತ್ತದೆ, ಅದು ಕರುಳಿನ ಸ್ನಾಯುಗಳನ್ನು ಕೆರಳಿಸುತ್ತದೆ, ಸಾಮಾನ್ಯವಾಗಿ 2ರಿಂದ 6 ಗಂಟೆಗಳೊಳಗೆ ಹೊಟ್ಟೆ ಖಾಲಿಯಾಗುತ್ತದೆ. ಈ ಆಮ್ಲವು ಇಪಿ-3 ಎಂಬ ಗ್ರಾಹಕದ, ಅಂದರೆ ಜೀವಕೋಶದ ಮೇಲೆ ಕುಳಿತು ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೋಟೀನಿನ ಮೂಲಕ ಕೆಲಸ ಮಾಡುತ್ತದೆಂದು ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅದೇ ಗ್ರಾಹಕ ಗರ್ಭಕೋಶದ ಸ್ನಾಯುಗಳಲ್ಲಿಯೂ ಇದೆ. ಗರ್ಭಿಣಿಯರು ಹರಳೆಣ್ಣೆಯನ್ನು ಕುಡಿಯಬಾರದೆಂದು ನಾವು ಪದೇ ಪದೇ ಹೇಳುವುದು ಇದಕ್ಕಾಗಿಯೇ, ಸುಮ್ಮನೆ ಹೆದರಿಸುವುದಕ್ಕಲ್ಲ. ಎಳೆಗೂಸಿಗೆ ಒಳಲೆಯಲ್ಲಿ ಹರಳೆಣ್ಣೆ ಕುಡಿಸುವ ಪದ್ಧತಿಯನ್ನೂ ದಯವಿಟ್ಟು ಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಥವಾ ಮಗುವಿಗೆ ಭೇದಿ ಹತ್ತಿದರೆ ಅಜ್ಜಿಯರ ಅನುಭವ ನೆರವಿಗೆ ಬರುವುದಿಲ್ಲ. ನೆತ್ತಿಗೆ ಹಚ್ಚುವುದಕ್ಕೆ ನನ್ನ ಅಭ್ಯಂತರವಿಲ್ಲ.

ಆಯುರ್ವೇದವು ಈ ಗಿಡವನ್ನು ವಾತದ ರೋಗಗಳಿಗೆ ಬಹಳವಾಗಿ ನೆಚ್ಚಿಕೊಂಡಿದೆ. ಚರಕ ಸಂಹಿತೆಯಲ್ಲಿ ವಾತ ಹರಿಸುವ ದ್ರವ್ಯಗಳ ಪೈಕಿ ಏರಂಡದ ಬೇರಿಗೆ ಮೊದಲ ಸ್ಥಾನವಿದೆ. ಆಮವಾತವೆಂಬ, ಅಂದರೆ ಕೀಲುಗಳು ಊದಿ ನೋಯುವ ರೋಗವೆಂಬ ಮದ್ದಾನೆಯನ್ನು ಕೊಲ್ಲುವ ಸಿಂಹ ಹರಳೆಣ್ಣೆ ಎಂಬ ಅರ್ಥದ ಶ್ಲೋಕವೊಂದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ. ಮನೆಮದ್ದಿನಲ್ಲಿ ಎಲೆಗೆ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ನೋಯುವ ಮೊಣಕಾಲಿಗೆ ಕಟ್ಟುತ್ತಾರೆ. ಬಿಸಿ ಹದವಾಗಿದ್ದರೆ ನೋವಿಗೆ ಹಿತವಾಗುತ್ತದೆ. ಕಾಮಾಲೆಗೆ ಎಲೆಯ ರಸ ಕುಡಿಸುವವರಿಗೆ ಮಾತ್ರ ಒಂದು ಮಾತು: ಮೊದಲು ರಕ್ತ ಪರೀಕ್ಷೆ ಮಾಡಿಸಿ, ಕಣ್ಣು ಹಳದಿಯಾದದ್ದು ಯಾವ ಕಾರಣಕ್ಕೆಂದು ತಿಳಿದುಕೊಳ್ಳಿ. ಹರಳೆಣ್ಣೆಯ ದೀಪದಿಂದ ಹಿಡಿದ ಕಾಡಿಗೆಯ ವಿಷಯವೂ ಇತ್ತು, ಅದಕ್ಕೆ ಇಂದು ಸಮಯವಿಲ್ಲ.

ಮತ್ತೊಮ್ಮೆ ಹೇಳುತ್ತೇನೆ, ನೀವು ಬೇಸರಿಸಿದರೂ ಹೇಳುತ್ತೇನೆ: ಎಣ್ಣೆ ಮದ್ದು, ಬೀಜ ವಿಷ. ಮಲಬದ್ಧತೆಗೆ ಬೀಜವನ್ನೇ ಅಗಿದು ನುಂಗಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಮಗು ಬೀಜ ಅಗಿದಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಭೇದಿ ಶುರುವಾಗುವವರೆಗೆ ಕಾಯದೆ, ಉಪ್ಪುನೀರು ಕುಡಿಸುತ್ತಾ ಕೂರದೆ, ಉಳಿದ ಬೀಜಗಳನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಏನು ತಿಂದಿದೆ ಎಂದು ವೈದ್ಯರಿಗೆ ಅದನ್ನು ನೋಡಿದರೇ ತಿಳಿಯುತ್ತದೆ. ಇನ್ನು ಕುಡಿಯುವುದಕ್ಕೆ ಎಣ್ಣೆ ಕೊಳ್ಳುವವರು, ಔಷಧಿಯಾಗಿ ಸೇವಿಸಲು ತಕ್ಕದ್ದೆಂದು ಸೀಸೆಯ ಮೇಲೆ ಬರೆದಿರುವುದನ್ನೇ ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯಿರಿ. ದೀಪಕ್ಕೆಂದು ಮಾರುವ ಎಣ್ಣೆ, ತಳದಲ್ಲಿ ಮಡ್ಡಿ ಕುಳಿತ ಎಣ್ಣೆ ಎರಡೂ ದೀಪಕ್ಕೇ ಇರಲಿ. ಎಷ್ಟು ಕುಡಿಯಬೇಕೆಂಬುದನ್ನು ನಿಮ್ಮ ವಯಸ್ಸು, ಮೈಕಟ್ಟು ನೋಡಿ ನಿಮ್ಮ ವೈದ್ಯರು ಹೇಳುತ್ತಾರೆ. ನಮಸ್ಕಾರ.